ಆರ್ಕುಟ್‌ನಿಂದ ರೀಲ್ಸ್‌ವರೆಗೆ: ಹುಡುಗರು ಗುಳೆ ಎದ್ದ ಇಪ್ಪತ್ತು ವರ್ಷ

2014ರ ಸೆಪ್ಟೆಂಬರ್ 30ರಂದು ಗೂಗಲ್ ಆರ್ಕುಟ್‌ಗೆ ಬೀಗ ಹಾಕಿತು. ಮೂರು ತಿಂಗಳು ಮೊದಲೇ, ಜೂನ್ 30ರಂದು, ಪ್ರಕಟಣೆ ಹೊರಬಿದ್ದಿತ್ತು. ಬೇಕಾದವರು ತಮ್ಮ ಫೋಟೊ, ಬರಹಗಳನ್ನು ಇಳಿಸಿಕೊಳ್ಳಿ ಎಂದು ಕಂಪನಿ ತಿಳಿಸಿತ್ತು. ಬೆಂಗಳೂರಿನ ಕತ್ರಿಗುಪ್ಪೆ ಮುಖ್ಯರಸ್ತೆಯಲ್ಲಾಗಲಿ, ಪಕ್ಕದ ಹೊಸಕೆರೆಹಳ್ಳಿಯ ಪಿ.ಜಿ.ಗಳಲ್ಲಾಗಲಿ ಇದರಿಂದ ಯಾರ ದಿನಚರಿಯೂ ಏರುಪೇರಾಗಲಿಲ್ಲ. ಅಲ್ಲಿನ ಹುಡುಗ ಹುಡುಗಿಯರು ನಾಲ್ಕು ವರ್ಷದ ಹಿಂದೆಯೇ ಆರ್ಕುಟ್ ಬಿಟ್ಟು ಫೇಸ್‌ಬುಕ್ ಸೇರಿಯಾಗಿತ್ತು. ಅಷ್ಟು ಹೊತ್ತಿಗೆ ಅವರ ತಮ್ಮ ತಂಗಿಯರು ಫೇಸ್‌ಬುಕ್ಕಿನಿಂದಲೂ ಕಾಲ್ತೆಗೆಯಲು ಶುರುಮಾಡಿದ್ದರು.

ಯುವಜನರು ಒಂದು ಜಾಲತಾಣಕ್ಕೆ ಮುಗಿಬೀಳುವುದು, ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ಇನ್ನೊಂದಕ್ಕೆ ಗುಳೆ ಹೋಗುವುದು ಜಗತ್ತಿನ ಎಲ್ಲ ಕಡೆಯೂ ನಡೆದಿದೆ. ಜೊನಾಥನ್ ಅಬ್ರಾಮ್ಸ್ ಅಮೆರಿಕದಲ್ಲಿ ಕಟ್ಟಿದ ಫ್ರೆಂಡ್‌ಸ್ಟರ್ ಹೀಗೆಯೇ ಬರಿದಾಯಿತು. ಮೈಸ್ಪೇಸನ್ನು 2005ರಲ್ಲಿ ನ್ಯೂಸ್ ಕಾರ್ಪ್ 58 ಕೋಟಿ ಡಾಲರ್ ಕೊಟ್ಟು ಕೊಂಡಿತು. 2011ರಲ್ಲಿ ಸುಮಾರು 3.5 ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ದಕ್ಷಿಣ ಬೆಂಗಳೂರಿನಲ್ಲಿ ನಿಂತು ನೋಡಿದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಈ ಊರಿನಲ್ಲಿ ಜಾಲತಾಣ ಬಳಸುವ ಹುಡುಗರೂ ಇದ್ದರು, ಅವರಿಗಾಗಿ ಜಾಲತಾಣ ಕಟ್ಟಲು ಹೊರಟ ಎಂಜಿನಿಯರುಗಳೂ ಇದ್ದರು. ಹುಡುಗರನ್ನು ಹಿಡಿದಿಟ್ಟುಕೊಳ್ಳುವ ಪ್ರಯತ್ನಗಳು ಗೆದ್ದದ್ದೂ ಸೋತದ್ದೂ ಇಲ್ಲಿ ಕಣ್ಣೆದುರೇ ನಡೆಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಮರುವರ್ಷ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಕಾಫಿಯ ಜೊತೆಗೆ ಇಂಟರ್‌ನೆಟ್ಟನ್ನೂ ಮಾರುತ್ತಿತ್ತು. ಅದು ಉಳ್ಳವರ ಅಂಗಡಿ. ಬನಶಂಕರಿ ಮೂರನೇ ಹಂತದಂಥ ಬಡಾವಣೆಗಳಿಗೆ ಇಂಟರ್‌ನೆಟ್ ಬಂದದ್ದು ಎಸ್‌.ಟಿ.ಡಿ. ಬೂತು, ಜೆರಾಕ್ಸ್ ಅಂಗಡಿಗಳ ಬೆನ್ನುಹತ್ತಿ. ಒಂದು ಕೋಣೆ, ಪ್ಲೈವುಡ್‌ನಲ್ಲಿ ಅಡ್ಡಗಟ್ಟಿದ ಆರೆಂಟು ಗೂಡುಗಳು, ಒಳಗೆ ದಪ್ಪ ಬೆನ್ನಿನ ಮಾನಿಟರ್, ಅಕ್ಷರ ಸವೆದುಹೋದ ಕೀಬೋರ್ಡ್. ಗಂಟೆಗೆ ಹತ್ತೋ ಹದಿನೈದೋ ಇಪ್ಪತ್ತೋ ರೂಪಾಯಿ. 2004ರಲ್ಲಿ ಕರ್ನಾಟಕ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದ ಮೇಲೆ ಬಾಗಿಲ ಬಳಿ ರಿಜಿಸ್ಟರ್ ಪುಸ್ತಕವೂ ಬಂತು. ಹೆಸರು, ವಿಳಾಸ, ಕೂತ ಸಮಯ, ಎದ್ದ ಸಮಯ ಬರೆದು ಒಳಗೆ ಹೋಗಬೇಕು.

ಕತ್ರಿಗುಪ್ಪೆಯಲ್ಲಿ ಇಂಥ ಅಂಗಡಿಗಳಿಗೆ ಗಿರಾಕಿಗಳ ಬರವಿರಲಿಲ್ಲ. ಹೊರ ವರ್ತುಲ ರಸ್ತೆ, ಬಿಎಂಟಿಸಿ ಡಿಪೊ, ಆಚೆ ಕಾಮಾಕ್ಯ ಚಿತ್ರಮಂದಿರ, ಈಚೆ ಪಿಇಎಸ್ ಎಂಜಿನಿಯರಿಂಗ್ ಕಾಲೇಜು. ಹಾಸನ, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿಗಳಿಂದ ಓದಲು ಬಂದವರು ಇಲ್ಲಿನ ಮನೆಗಳ ಮಹಡಿಯಲ್ಲಿ ರೂಮು ಮಾಡಿಕೊಂಡಿದ್ದರು. ವಿಟಿಯು ರಿಸಲ್ಟ್ ನೋಡುವುದು, ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸುವುದು ಸೈಬರಿಗೆ ಹೋಗಲು ಕಾರಣ. ಕೂತ ಮೇಲೆ ಮೊದಲು ತೆರೆಯುತ್ತಿದ್ದುದು ಆರ್ಕುಟ್.

ಟರ್ಕಿ ಮೂಲದ ಗೂಗಲ್ ಎಂಜಿನಿಯರ್ ಆರ್ಕುಟ್ ಬುಯುಕ್‌ಕೊಕ್ಟನ್ ಕಂಪನಿ ಕೊಟ್ಟ ಬಿಡುವಿನ ಅವಧಿಯಲ್ಲಿ ಕಟ್ಟಿದ ತಾಣ ಅದು. 2004ರ ಜನವರಿಯಲ್ಲಿ ಶುರುವಾಯಿತು. ಮಾರ್ಕ್ ಜುಕರ್‌ಬರ್ಗ್ ಹಾರ್ವರ್ಡ್‌ನ ಹಾಸ್ಟೆಲಿನಲ್ಲಿ ಫೇಸ್‌ಬುಕ್ ತೆರೆದದ್ದು ಮುಂದಿನ ತಿಂಗಳೇ. ಫೇಸ್‌ಬುಕ್ ಆಯ್ದ ಅಮೆರಿಕನ್ ಕಾಲೇಜುಗಳಿಗಷ್ಟೇ ಮೀಸಲಾಗಿತ್ತು. ಆರ್ಕುಟ್‌ಗೆ ಬರಲು ಈಗಾಗಲೇ ಒಳಗಿರುವವರೊಬ್ಬರ ಆಹ್ವಾನ ಸಾಕಿತ್ತು. ಆಹ್ವಾನವಿದ್ದರೆ ಮಾತ್ರ ಪ್ರವೇಶ ಎಂಬ ಕಟ್ಟಳೆಯೇ ಅದರ ಬೆಲೆ ಹೆಚ್ಚಿಸಿತು. ಸೀನಿಯರ್ ಒಬ್ಬ ಒಳಕರೆದುಕೊಂಡರೆ ಅವನ ಇಡೀ ಬ್ಯಾಚ್ ಹಿಂದೆಯೇ ಬಂತು. 2006ರಲ್ಲಿ ಈ ಕಟ್ಟಳೆ ತೆಗೆದುಹಾಕುವ ಹೊತ್ತಿಗೆ ಬ್ರೆಜಿಲ್ ಮತ್ತು ಭಾರತ ಆರ್ಕುಟ್‌ನ ತವರಾಗಿದ್ದವು.

ಅದು ಹೇಗೆ ನಡೆಯುತ್ತಿತ್ತು ಎಂಬುದನ್ನು ಕೊಂಚ ಹತ್ತಿರದಿಂದ ನೋಡಬೇಕು. ಪ್ರತಿಯೊಬ್ಬರಿಗೂ ಒಂದು ಸ್ಕ್ರ್ಯಾಪ್‌ಬುಕ್ ಇತ್ತು. ಗೆಳೆಯನಿಗೆ ಏನಾದರೂ ಹೇಳಬೇಕಾದರೆ ಅವನ ಸ್ಕ್ರ್ಯಾಪ್‌ಬುಕ್ಕಿನಲ್ಲಿ ಬರೆಯಬೇಕು. ಅವನು ಉತ್ತರವನ್ನು ಇವನ ಪುಸ್ತಕದಲ್ಲಿ ಬರೆಯುತ್ತಾನೆ. ಹಾಗಾಗಿ ಇಬ್ಬರ ಮಾತುಕತೆ ಪೂರ್ತಿ ತಿಳಿಯಬೇಕಾದರೆ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ತೆರೆದಿಟ್ಟು ಒಂದೊಂದೇ ಸಾಲು ಹೊಂದಿಸಿಕೊಂಡು ಓದಬೇಕಿತ್ತು. ಮೊದಮೊದಲು ಸ್ಕ್ರ್ಯಾಪ್‌ಗಳನ್ನು ಯಾರು ಬೇಕಾದರೂ ಓದಬಹುದಿತ್ತಾದ್ದರಿಂದ, ಕ್ಲಾಸಿನಲ್ಲಿ ಯಾರು ಯಾರಿಗೆ ಏನು ಬರೆದರು ಎಂಬುದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಎಷ್ಟು ಸ್ಕ್ರ್ಯಾಪ್ ಬಂದಿವೆ ಎಂಬ ಲೆಕ್ಕ ಪ್ರೊಫೈಲಿನಲ್ಲೇ ಕಾಣುತ್ತಿತ್ತು. ಹುಡುಗರಿಗೆ ಅದೊಂದು ಗತ್ತು.

ಗೆಳೆಯರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಟೆಸ್ಟಿಮೋನಿಯಲ್ ಎಂಬ ಬೇರೆ ಜಾಗವಿತ್ತು. ಬರೆಸಿಕೊಂಡವರು ಒಪ್ಪಿದರೆ ಮಾತ್ರ ಅದು ಎಲ್ಲರಿಗೂ ಕಾಣುತ್ತಿತ್ತು. ಹುಡುಗರು ಇದರಲ್ಲೊಂದು ಉಪಾಯ ಕಂಡುಕೊಂಡರು. ಖಾಸಗಿಯಾಗಿ ಹೇಳಬೇಕಾದ್ದನ್ನು ಟೆಸ್ಟಿಮೋನಿಯಲ್ ಆಗಿ ಬರೆದು, ದಯವಿಟ್ಟು ಒಪ್ಪಿಕೊಳ್ಳಬೇಡ ಎಂದು ಕೊನೆಗೆ ಸೇರಿಸುತ್ತಿದ್ದರು. ಎಷ್ಟೋ ಪ್ರೇಮನಿವೇದನೆಗಳು ಹೀಗೆ ರವಾನೆಯಾದವು. ನಂಬಿಕಸ್ಥನಿಗೆ ನಗುಮುಖ, ಕೂಲ್ ಆದವನಿಗೆ ಐಸ್ ತುಂಡು, ಸೆಕ್ಸಿ ಎನಿಸಿದವರಿಗೆ ಹೃದಯ, ಅಭಿಮಾನಿಯಾದರೆ ನಕ್ಷತ್ರ ಕೊಡುವ ಪದ್ಧತಿಯಿತ್ತು. ಇತ್ತೀಚೆಗೆ ಯಾರು ನಿಮ್ಮ ಪ್ರೊಫೈಲ್ ನೋಡಿದರು ಎಂಬುದನ್ನೂ ಆರ್ಕುಟ್ ಹೇಳಿಬಿಡುತ್ತಿತ್ತು. ಸರ್ವರ್ ಕೈಕೊಟ್ಟಾಗ ತೆರೆಯ ಮೇಲೆ ಬರುತ್ತಿದ್ದ ‘ಬ್ಯಾಡ್, ಬ್ಯಾಡ್ ಸರ್ವರ್, ನೋ ಡೋನಟ್ ಫಾರ್ ಯೂ’ ಎಂಬ ಸಾಲು ಆ ಪೀಳಿಗೆಯವರಿಗೆಲ್ಲ ಬಾಯಿಪಾಠ.

ಕಮ್ಯುನಿಟಿಗಳಂತೂ ಅರಳಿಕಟ್ಟೆಯ ಹಾಗೆ. ಕಾಲೇಜಿಗೊಂದು, ಬಡಾವಣೆಗೊಂದು, ನಟನಿಗೊಂದು, ಊರಿಗೊಂದು. ಅಲ್ಲಿ ಕನ್ನಡ ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲೇ ನಡೆಯುತ್ತಿತ್ತು. ಬರಹ, ನುಡಿ ತಂತ್ರಾಂಶಗಳು ಅಷ್ಟು ಹೊತ್ತಿಗೆ ಇದ್ದವಾದರೂ ಸೈಬರಿನ ಎಲ್ಲ ಕಂಪ್ಯೂಟರುಗಳಲ್ಲಿ ಅವು ಇರುತ್ತಿರಲಿಲ್ಲ. ಇಂಗ್ಲಿಷ್ ಕೀಲಿಗಳನ್ನು ಒತ್ತಿದರೆ ಕನ್ನಡ ಅಕ್ಷರ ಮೂಡಿಸುವ ಗೂಗಲ್‌ನ ಸೌಲಭ್ಯ ಬಂದ ಮೇಲೆ ಕನ್ನಡ ಲಿಪಿ ಕಾಣಿಸಿಕೊಳ್ಳತೊಡಗಿತು. ಅಪ್ಪ ಅಮ್ಮಂದಿರಿಗೆ ಈ ಲೋಕದ ಸುಳಿವೇ ಇರಲಿಲ್ಲ. ಆರ್ಕುಟ್ ಹುಡುಗರನ್ನು ಹಿಡಿದಿಟ್ಟುಕೊಂಡಿದ್ದರ ಮುಖ್ಯ ಕಾರಣ ಇದೇ: ಅದು ಅವರ ಸ್ವಂತ ಜಾಗವಾಗಿತ್ತು, ಅವರ ಗೆಳೆಯರೆಲ್ಲ ಅಲ್ಲೇ ಇದ್ದರು.

ಆ ಜಾಗಕ್ಕೆ ಕಾವಲು ಇಡುವುದರಲ್ಲಿ ಕಂಪನಿ ಹಿಂದೆ ಬಿತ್ತು. ಹುಡುಗಿಯರ ಫೋಟೊ ಕದ್ದು ಅವರ ಹೆಸರಿನಲ್ಲೇ ನಕಲಿ ಪ್ರೊಫೈಲ್ ತೆರೆಯುವುದು ಮಾಮೂಲಾಯಿತು. ಅಪರಿಚಿತರಿಂದ ಸ್ನೇಹದ ಬೇಡಿಕೆಗಳು ರಾಶಿ ಬಿದ್ದವು. ಅನೇಕರು ತಮ್ಮ ಚಿತ್ರ ತೆಗೆದು ಹೂವಿನದ್ದೋ ಮಗುವಿನದ್ದೋ ಚಿತ್ರ ಹಾಕಿಕೊಂಡರು. ಕಾನೂನಿನ ಭಯವೂ ಸೇರಿಕೊಂಡಿತು. 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಪುಣೆ ಪೊಲೀಸರು ಬಂಧಿಸಿ ಕರೆದೊಯ್ದರು. ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಹೇಳನ ಮಾಡಿದರು ಎಂಬುದು ಆರೋಪ. ಐಪಿ ವಿಳಾಸ ಗುರುತಿಸುವುದರಲ್ಲಿ ಆದ ತಪ್ಪಿನಿಂದ, ಏನೂ ಮಾಡದ ಆ ಮನುಷ್ಯ ಐವತ್ತು ದಿನ ಜೈಲಿನಲ್ಲಿದ್ದರು. ಸ್ಕ್ರ್ಯಾಪ್ ಬರೆಯುವುದು ಬರೀ ಹುಡುಗಾಟ ಎಂದುಕೊಂಡಿದ್ದವರೆಲ್ಲ ಈ ಸುದ್ದಿ ಓದಿ ಬೆಚ್ಚಿದರು.

ಆರ್ಕುಟ್‌ನ ಜನಪ್ರಿಯತೆ ನೋಡಿ ದೇಶೀ ತಾಣಗಳೂ ಕಣಕ್ಕಿಳಿದವು. ಬೆಂಗಳೂರಿನಲ್ಲೇ ಹುಟ್ಟಿದ ಮಿಂಗಲ್‌ಬಾಕ್ಸ್ ಕಾಲೇಜು ವಿದ್ಯಾರ್ಥಿಗಳನ್ನೇ ಗುರಿಯಾಗಿಟ್ಟುಕೊಂಡಿತ್ತು. 2007ರಲ್ಲಿ ಐಬಿಬೊ ಬಂತು, ಅನಿಲ್ ಅಂಬಾನಿ ಬಳಗದ ಬಿಗ್‌ಅಡ್ಡಾ ಬಂತು. ಮರುವರ್ಷ ಅಮಿತಾಭ್ ಬಚ್ಚನ್ ಬಿಗ್‌ಅಡ್ಡಾದಲ್ಲಿ ಬರೆಯಲು ಶುರುಮಾಡಿದರು. ಹಣ, ಜಾಹೀರಾತು, ತಾರೆಯರ ಹೆಸರು ಯಾವುದಕ್ಕೂ ಕೊರತೆಯಿರಲಿಲ್ಲ. ಹುಡುಗರು ಬಂದು ನೋಡಿದರು, ತಮ್ಮ ಕ್ಲಾಸಿನವರು ಅಲ್ಲಿಲ್ಲವೆಂದು ತಿಳಿದು ವಾಪಸು ಹೋದರು. ಮಿಂಗಲ್‌ಬಾಕ್ಸ್ ಕ್ರಮೇಣ ಕಾಲೇಜು, ಕೋರ್ಸುಗಳ ಮಾಹಿತಿ ಕೊಡುವ ತಾಣವಾಗಿ ರೂಪ ಬದಲಿಸಿತು.

ಫೇಸ್‌ಬುಕ್ 2006ರ ಸೆಪ್ಟೆಂಬರ್ 26ರಂದು ಹದಿಮೂರು ತುಂಬಿದ ಎಲ್ಲರಿಗೂ ಬಾಗಿಲು ತೆರೆದಿತ್ತು. ಕತ್ರಿಗುಪ್ಪೆಗೆ ಅದು ತಲುಪಿದ್ದು ಅಮೆರಿಕದ ದಾರಿಯಲ್ಲಿ. ಬಿ.ಇ. ಮುಗಿಸಿ ಎಂ.ಎಸ್. ಓದಲು ಹೋದವರು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಫೇಸ್‌ಬುಕ್ ಸೇರಿದರು. ಅವರ ಹಿಮದ ಫೋಟೊ ನೋಡಲು ಇಲ್ಲಿದ್ದವರೂ ಅಕೌಂಟ್ ತೆರೆದರು. ಆರ್ಕುಟ್‌ನಲ್ಲಿ ಗೆಳೆಯರ ವಿಚಾರ ತಿಳಿಯಲು ಒಬ್ಬೊಬ್ಬರ ಪುಟಕ್ಕೂ ಹೋಗಿ ಬರಬೇಕು. ಫೇಸ್‌ಬುಕ್ಕಿನ ನ್ಯೂಸ್‌ಫೀಡ್‌ನಲ್ಲಿ ಎಲ್ಲರ ಸುದ್ದಿಯೂ ತಾನಾಗಿ ಕಣ್ಣ ಮುಂದೆ ಬಂದು ಬೀಳುತ್ತಿತ್ತು. 2009ರ ಫೆಬ್ರುವರಿಯಲ್ಲಿ ಲೈಕ್ ಗುಂಡಿ ಬಂತು, ಜೂನ್‌ನಲ್ಲಿ ಜಿಂಗಾ ಕಂಪನಿಯ ಫಾರ್ಮ್‌ವಿಲ್ ಆಟ ಬಂತು. ಆಟದ ಹೊಲದಲ್ಲಿ ಬೆಳೆದ ಬೆಳೆ ಒಣಗಿಹೋದೀತೆಂದು ಬೆಳಿಗ್ಗೆ ಐದಕ್ಕೆ ಎದ್ದವರಿದ್ದರು. 2010ರಲ್ಲಿ ಜಿಂಗಾ ಬೆಂಗಳೂರಿನಲ್ಲಿ ಕಚೇರಿಯನ್ನೂ ತೆರೆಯಿತು.

ಆರ್ಕುಟ್ ಎಚ್ಚೆತ್ತದ್ದು ತಡವಾಗಿ. 2009ರ ಅಕ್ಟೋಬರ್‌ನಲ್ಲಿ ಹೊಸ ರೂಪ ತೊಟ್ಟು ಬಂದರೂ, ಅದನ್ನು ಬಳಸಲು ಮತ್ತೆ ಆಹ್ವಾನ ಬೇಕು ಎಂದಿತು. 2004ರಲ್ಲಿ ಅದೇ ಕಟ್ಟಳೆ ಜನರನ್ನು ಸೆಳೆದಿತ್ತು. ಎದುರಿಗೆ ಇನ್ನೊಂದು ಮನೆಯ ಬಾಗಿಲು ತೆರೆದಿದ್ದ ಈ ಹೊತ್ತಿನಲ್ಲಿ ಅದು ಜನರನ್ನು ಹೊರಗೆ ನಿಲ್ಲಿಸಿತು. ಕಾಮ್‌ಸ್ಕೋರ್ ಸಂಸ್ಥೆಯ ಲೆಕ್ಕದ ಪ್ರಕಾರ 2010ರ ಜುಲೈನಲ್ಲಿ ಭಾರತದಲ್ಲಿ ಫೇಸ್‌ಬುಕ್‌ಗೆ 2.09 ಕೋಟಿ ಜನ ಭೇಟಿ ಕೊಟ್ಟರೆ ಆರ್ಕುಟ್‌ಗೆ 1.99 ಕೋಟಿ. ಫೇಸ್‌ಬುಕ್ ಮುಂದೆ ಹೋದದ್ದು ಅದೇ ಮೊದಲು. ಬ್ರೆಜಿಲ್‌ನಲ್ಲಿ ಆರ್ಕುಟ್ 2011ರ ಕೊನೆಯವರೆಗೂ ಮೊದಲ ಸ್ಥಾನದಲ್ಲಿ ತಡೆದುಕೊಂಡಿತು. ಇಲ್ಲಿ ಮಾತ್ರ ಒಂದು ಬ್ಯಾಚ್ ಎದ್ದು ಹೋದರೆ ಮುಂದಿನ ಬ್ಯಾಚ್ ಆ ಕಡೆ ತಲೆಹಾಕಲೇ ಇಲ್ಲ.

ಫೇಸ್‌ಬುಕ್ಕಿನ ಮೊದಲ ವರ್ಷಗಳು ಬೆಂಗಳೂರಿನ ಯುವಜನರ ಉತ್ಸಾಹದ ವರ್ಷಗಳು. ನಿರ್ದೇಶಕ ಪವನ್ ಕುಮಾರ್ 2011ರ ಡಿಸೆಂಬರ್‌ನಲ್ಲಿ, ತಮ್ಮ ಚಿತ್ರಕ್ಕೆ ನಿರ್ಮಾಪಕರು ಸಿಗುತ್ತಿಲ್ಲ ಎಂಬ ಸಂಕಟವನ್ನು ಬಿಚ್ಚಿ ಬರೆದರು. ಆ ಬರಹ ಫೇಸ್‌ಬುಕ್ಕಿನಲ್ಲಿ ಕೈಯಿಂದ ಕೈಗೆ ಹೋಯಿತು. 27 ದಿನಗಳಲ್ಲಿ ಸುಮಾರು 110 ಜನ ಸೇರಿ 51 ಲಕ್ಷ ರೂಪಾಯಿ ಹಾಕಿದರು. 2013ರ ಸೆಪ್ಟೆಂಬರ್‌ನಲ್ಲಿ ‘ಲೂಸಿಯಾ’ ತೆರೆಕಂಡಿತು. ಗಾಂಧಿನಗರದ ಹಂಗಿಲ್ಲದೆ, ಪ್ರೇಕ್ಷಕರ ಹಣದಲ್ಲೇ ಒಂದು ಕನ್ನಡ ಚಿತ್ರ ಮಾಡಬಹುದು ಎಂದು ತೋರಿಸಿಕೊಟ್ಟ ಆ ಪ್ರಯತ್ನಕ್ಕೆ ಜಾಲತಾಣವೇ ನೆಲೆಯಾಗಿತ್ತು.

ಅದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ನಡೆದಿತ್ತು. ಫೋನುಗಳು ಅಗ್ಗವಾದಂತೆ ಚಿಕ್ಕಪ್ಪ, ಸೋದರತ್ತೆ, ಹೈಸ್ಕೂಲಿನ ಮೇಷ್ಟ್ರು, ಪಕ್ಕದ ಮನೆಯ ಆಂಟಿ ಎಲ್ಲರೂ ಫೇಸ್‌ಬುಕ್‌ಗೆ ಬಂದರು. ಅವರ ಫ್ರೆಂಡ್ ರಿಕ್ವೆಸ್ಟ್ ಒಪ್ಪದಿದ್ದರೆ ಮನೆಯಲ್ಲಿ ಪ್ರಶ್ನೆ, ಒಪ್ಪಿದರೆ ಪ್ರತಿ ಫೋಟೊಗೂ ವಿಚಾರಣೆ. ‘ಯಾರೋ ಅದು ಪಕ್ಕದಲ್ಲಿ ನಿಂತಿರೋ ಹುಡುಗಿ’ ಎಂದು ಊಟದ ಹೊತ್ತಿನಲ್ಲಿ ಅಮ್ಮ ಕೇಳಿದರೆ ಮರುದಿನದಿಂದ ಫೋಟೊ ಹಾಕುವುದು ನಿಲ್ಲುತ್ತಿತ್ತು. ಅಕೌಂಟನ್ನು ಯಾರೂ ಅಳಿಸಲಿಲ್ಲ, ಆದರೆ ಅಲ್ಲಿ ಬದುಕುವುದನ್ನು ಬಿಟ್ಟರು. ಹುಟ್ಟುಹಬ್ಬದ ಶುಭಾಶಯಕ್ಕಷ್ಟೇ ಅದು ಉಳಿಯಿತು.

ಕ್ಯಾಲಿಫೋರ್ನಿಯಾದ ಕಚೇರಿಯಲ್ಲೂ ಇದರ ಸುಳಿವು ಸಿಕ್ಕಿತ್ತು. 2013ರ ಅಕ್ಟೋಬರ್ 30ರಂದು ಫೇಸ್‌ಬುಕ್ಕಿನ ಹಣಕಾಸು ಮುಖ್ಯಸ್ಥ ಡೇವಿಡ್ ಎಬರ್ಸ್‌ಮನ್, ಚಿಕ್ಕ ವಯಸ್ಸಿನ ಹದಿಹರೆಯದವರಲ್ಲಿ ದಿನಬಳಕೆ ಕಡಿಮೆಯಾಗಿದೆ ಎಂದು ಹೂಡಿಕೆದಾರರ ಮುಂದೆ ಒಪ್ಪಿಕೊಂಡರು. ಮೂರು ತಿಂಗಳ ನಂತರ ಪ್ರಿನ್ಸ್‌ಟನ್‌ನ ಇಬ್ಬರು ಸಂಶೋಧಕರು, ಸಾಂಕ್ರಾಮಿಕ ರೋಗ ಹರಡಿ ಇಳಿಯುವ ಲೆಕ್ಕವನ್ನೇ ಜಾಲತಾಣಕ್ಕೂ ಹಚ್ಚಿ, 2017ರೊಳಗೆ ಫೇಸ್‌ಬುಕ್ ತನ್ನ ಬಳಕೆದಾರರಲ್ಲಿ ಶೇ 80ರಷ್ಟನ್ನು ಕಳೆದುಕೊಳ್ಳುತ್ತದೆ ಎಂದರು. ಆ ಭವಿಷ್ಯ ಸುಳ್ಳಾಯಿತು. ಒಟ್ಟು ಸಂಖ್ಯೆ ಏರುತ್ತಲೇ ಹೋಯಿತು. ಹುಡುಗರ ವಿಷಯದಲ್ಲಿ ಮಾತ್ರ ಇಳಿಕೆ ನಿಜವಾಗಿತ್ತು: ಪ್ಯೂ ಸಂಸ್ಥೆಯ ಸಮೀಕ್ಷೆಗಳಲ್ಲಿ, 2014-15ರಲ್ಲಿ ಫೇಸ್‌ಬುಕ್ ಬಳಸುತ್ತಿದ್ದ ಅಮೆರಿಕದ ಹದಿಹರೆಯದವರು ಶೇ 71ರಷ್ಟಿದ್ದರೆ 2022ರಲ್ಲಿ ಶೇ 32ಕ್ಕೆ ಇಳಿದಿದ್ದರು.

ಹೋಗುವವರನ್ನು ತಡೆಯಲಾಗದಿದ್ದರೆ ಅವರು ಹೋಗುವ ಜಾಗವನ್ನೇ ಕೊಂಡುಬಿಡುವುದು ಫೇಸ್‌ಬುಕ್ ಕಂಡುಕೊಂಡ ದಾರಿ. 2012ರ ಏಪ್ರಿಲ್‌ನಲ್ಲಿ 100 ಕೋಟಿ ಡಾಲರಿಗೆ ಇನ್‌ಸ್ಟಾಗ್ರಾಂ, 2014ರ ಫೆಬ್ರುವರಿಯಲ್ಲಿ 1,900 ಕೋಟಿ ಡಾಲರಿಗೆ ವಾಟ್ಸ್‌ಆ್ಯಪ್. ಸ್ನ್ಯಾಪ್‌ಚಾಟ್ ಮಾರಲು ಒಪ್ಪದಿದ್ದಾಗ, ಒಂದು ದಿನ ಇದ್ದು ಮರೆಯಾಗುವ ಅದರ ಸ್ಟೋರಿಯನ್ನು 2016ರ ಆಗಸ್ಟ್‌ನಲ್ಲಿ ಇನ್‌ಸ್ಟಾಗ್ರಾಂಗೆ ತಂದರು. ಕತ್ರಿಗುಪ್ಪೆಯ ಹುಡುಗಿ ಅತ್ತೆ ಮಾವಂದಿರ ಕಣ್ಣು ತಪ್ಪಿಸಿ ಫೇಸ್‌ಬುಕ್ಕಿನಿಂದ ಇನ್‌ಸ್ಟಾಗ್ರಾಂಗೆ ಬಂದರೂ ಅದೇ ಕಂಪನಿಯ ಚಾವಡಿಯಲ್ಲೇ ಇದ್ದಳು.

2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು. ಗಂಟೆಯ ಲೆಕ್ಕದಲ್ಲಿ ಸಿಗುತ್ತಿದ್ದ ಇಂಟರ್‌ನೆಟ್ ಕೈಯಲ್ಲೇ ದಿನವಿಡೀ ಹರಿಯತೊಡಗಿತು. ಸೈಬರ್ ಗೂಡುಗಳು ಒಂದೊಂದಾಗಿ ಖಾಲಿಯಾದವು. ಉಳಿದ ಅಂಗಡಿಗಳು ಆಧಾರ್ ತಿದ್ದುಪಡಿ, ಪರೀಕ್ಷೆಯ ಅರ್ಜಿ, ಬಾಡಿಗೆ ಕರಾರುಪತ್ರಗಳಿಗೆ ಹೊರಳಿದವು. ಮರುವರ್ಷದ ಜೂನ್‌ನಲ್ಲಿ ಬನಶಂಕರಿಗೂ ಮೆಟ್ರೊ ಬಂದಾಗ, ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ‘ನಮ್ಮ ಮೆಟ್ರೊ ಹಿಂದಿ ಬೇಡ’ ಎಂಬ ಕೂಗು ಎದ್ದದ್ದು ಟ್ವಿಟರ್‌ನಲ್ಲಿ. ಕೆಲವೇ ವಾರಗಳಲ್ಲಿ ಆ ಫಲಕಗಳ ಹಿಂದಿ ಮರೆಯಾಯಿತು. ಹರಟೆಗೆ ಒಂದು, ಹೋರಾಟಕ್ಕೆ ಒಂದು, ಮನೆಯವರಿಗೆ ಒಂದು ಎಂದು ಹುಡುಗರು ಆ ಹೊತ್ತಿಗೆ ತಾಣಗಳನ್ನು ಹಂಚಿಕೊಂಡಿದ್ದರು.

ಟಿಕ್‌ಟಾಕ್ ಬಂದದ್ದು ಬೇರೆ ಬಾಗಿಲಿನಿಂದ. ಆರ್ಕುಟ್, ಫೇಸ್‌ಬುಕ್‌ಗಳಿಗೆ ಮೊದಲು ಬಂದವರು ಎಂಜಿನಿಯರಿಂಗ್ ಹುಡುಗರು. ಟಿಕ್‌ಟಾಕ್‌ನಲ್ಲಿ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಆಟೊ ಚಾಲಕರು, ಹಳ್ಳಿಯ ಹೈಸ್ಕೂಲ್ ಮಕ್ಕಳು ಒಟ್ಟಿಗೇ ಕಾಣಿಸಿಕೊಂಡರು. ಇಂಗ್ಲಿಷ್ ಬೇಕಿರಲಿಲ್ಲ, ಗೆಳೆಯರ ದಂಡೂ ಬೇಕಿರಲಿಲ್ಲ. ಹಾಡು ಹಿಡಿದು ಹದಿನೈದು ಸೆಕೆಂಡು ಕುಣಿದರೆ ಅದನ್ನು ಯಾರಿಗೆ ತೋರಿಸಬೇಕೆಂದು ಯಂತ್ರವೇ ನಿರ್ಧರಿಸುತ್ತಿತ್ತು. ಅಲ್ಲಿಂದಲೇ ಹೆಸರಾದ ಧನುಶ್ರೀ 2021ರಲ್ಲಿ ಬಿಗ್ ಬಾಸ್ ಕನ್ನಡದ ಮನೆ ಹೊಕ್ಕರು. ಅಷ್ಟರಲ್ಲಿ ಟಿಕ್‌ಟಾಕ್ ಭಾರತದಲ್ಲಿ ಇರಲಿಲ್ಲ. ಗಾಲ್ವಾನ್ ಕಣಿವೆಯ ಘರ್ಷಣೆಯ ನಂತರ, 2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ವರ್ಷಗಟ್ಟಲೆ ಮಾಡಿಟ್ಟ ವಿಡಿಯೊಗಳನ್ನು ಉಳಿಸಿಕೊಳ್ಳಲು ಬಹಳಷ್ಟು ಮಂದಿಗೆ ಸಮಯವೇ ಸಿಗಲಿಲ್ಲ.

ಆ ಖಾಲಿ ಜಾಗಕ್ಕಾಗಿ ನಡೆದ ಓಟ ಬಹುಪಾಲು ಬೆಂಗಳೂರಿನದೇ. ಐಐಟಿ ಕಾನ್ಪುರದ ಮೂವರು ಗೆಳೆಯರು ಕಟ್ಟಿದ, ಬೆಂಗಳೂರಿನಲ್ಲಿ ನೆಲೆಯೂರಿದ ಶೇರ್‌ಚಾಟ್ ಜುಲೈ 1ರಂದೇ ಮೋಜ್ ಬಿಡುಗಡೆ ಮಾಡಿತು. ಡೈಲಿಹಂಟ್‌ನವರು ಜೋಶ್ ತಂದರು. ಚಿಂಗಾರಿ, ರೊಪೊಸೊಗಳಿಗೆ ಒಮ್ಮೆಲೇ ಜನ ನುಗ್ಗಿದರು. ಇವೆಲ್ಲವೂ ಈ ನಗರದ ಕಂಪನಿಗಳು, ಎಲ್ಲದರಲ್ಲೂ ಕನ್ನಡವಿತ್ತು. ಇನ್‌ಸ್ಟಾಗ್ರಾಂ ಜುಲೈ 8ರಂದು ರೀಲ್ಸ್ ಅನ್ನು ಭಾರತಕ್ಕೆ ತಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಗೆದ್ದವು ಕೊನೆಯ ಇವೆರಡೇ. ಹುಡುಗರ ಗೆಳೆಯರು ಮೊದಲೇ ಇನ್‌ಸ್ಟಾಗ್ರಾಂನಲ್ಲಿದ್ದರು, ಯೂಟ್ಯೂಬ್ ಎಲ್ಲರ ಫೋನಿನಲ್ಲೂ ಇತ್ತು. ಹೊಸದಾಗಿ ಎಲ್ಲಿಗೂ ಹೋಗಬೇಕಿರಲಿಲ್ಲ.

ಕೂ ಎಂಬ ಹಳದಿ ಹಕ್ಕಿಯ ಕಥೆ ಇನ್ನೂ ಹತ್ತಿರದ್ದು. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ, ಟ್ಯಾಕ್ಸಿ ಫಾರ್ ಶೂರ್ ಕಟ್ಟಿ ಓಲಾಗೆ ಮಾರಿದ ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದವತ್ಕಾ ಜೊತೆ ಸೇರಿ 2020ರ ಮಾರ್ಚ್‌ನಲ್ಲಿ ಅದನ್ನು ಶುರುಮಾಡಿದರು. ಮೊದಲು ತೆರೆದದ್ದು ಕನ್ನಡದಲ್ಲಿ, ಆಮೇಲೆ ಉಳಿದ ಭಾಷೆಗಳಲ್ಲಿ. ಇಂಗ್ಲಿಷ್‌ನಲ್ಲಿ ಹುಟ್ಟಿ ಕನ್ನಡವನ್ನು ಆಮೇಲೆ ಜೋಡಿಸಿಕೊಳ್ಳುವ ಆ್ಯಪ್‌ಗಳ ನಡುವೆ ಇದು ಹೆಮ್ಮೆಪಡುವ ಸಂಗತಿಯಾಗಿತ್ತು. ಅದೇ ವರ್ಷ ಕೇಂದ್ರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನವೂ ಬಂತು. 2021ರ ಫೆಬ್ರುವರಿಯಲ್ಲಿ ರೈತ ಹೋರಾಟದ ವಿಚಾರವಾಗಿ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿಯಾದಾಗ ಸಚಿವರು, ಇಲಾಖೆಗಳು ಸಾಲುಸಾಲಾಗಿ ಕೂ ಸೇರಿದವು. ಜೂನ್‌ನಲ್ಲಿ ನೈಜೀರಿಯ ಸರ್ಕಾರ ಬಂತು. 2022ರ ನವೆಂಬರ್‌ನಲ್ಲಿ ಬ್ರೆಜಿಲ್‌ನವರು ಮುಗಿಬಿದ್ದರು.

ಉತ್ತುಂಗದಲ್ಲಿದ್ದಾಗ ದಿನಕ್ಕೆ 21 ಲಕ್ಷ, ತಿಂಗಳಿಗೆ ಒಂದು ಕೋಟಿ ಜನ ಬಳಸುತ್ತಿದ್ದರು ಎಂದು ಸ್ಥಾಪಕರೇ ಹೇಳಿಕೊಂಡಿದ್ದಾರೆ. ಆ ಸಂಖ್ಯೆಯಲ್ಲಿ ಕಾಲೇಜಿನ ಹುಡುಗರ ಉತ್ಸಾಹ ಕಾಣಲಿಲ್ಲ. ಮಂತ್ರಿಗಳ ಪ್ರವಾಸ, ಇಲಾಖೆಗಳ ಪ್ರಕಟಣೆ, ಹಬ್ಬದ ಶುಭಾಶಯ, ಸುಭಾಷಿತಗಳನ್ನು ಓದಲು ಹತ್ತೊಂಬತ್ತರ ಹುಡುಗಿ ಏಕೆ ಬರಬೇಕು? ಅವಳ ಭಾಷೆ ಅಲ್ಲಿತ್ತು, ಅವಳ ಓರಗೆಯವರು ಇರಲಿಲ್ಲ. ಹೂಡಿಕೆಯ ಹಣ ಬತ್ತಿದ ಮೇಲೆ 2023ರಲ್ಲಿ ಸಿಬ್ಬಂದಿಯನ್ನು ಕಡಿಮೆ ಮಾಡಬೇಕಾಯಿತು. ಡೈಲಿಹಂಟ್ ಸೇರಿದಂತೆ ಹಲವು ಕಂಪನಿಗಳ ಜೊತೆ ನಡೆದ ಮಾತುಕತೆ ಮುರಿದುಬಿತ್ತು. 2024ರ ಜುಲೈ 3ರಂದು ಸ್ಥಾಪಕರು ವಿದಾಯ ಹೇಳಿದರು. ಕನ್ನಡವನ್ನು ಮೊದಲ ಭಾಷೆಯಾಗಿಟ್ಟುಕೊಂಡು ಹೊರಟ ತಾಣವೊಂದು ಹೀಗೆ ಮುಚ್ಚಿಹೋದದ್ದು ಕನ್ನಡಿಗರಿಗೆ ಆದ ನಿಜವಾದ ನಷ್ಟ.

ಎರಡನೇ ಲಾಕ್‌ಡೌನ್ ಕಾಲದ ಕ್ಲಬ್‌ಹೌಸ್ ಇದಕ್ಕಿಂತ ಅಲ್ಪಾಯುಷಿ. 2021ರ ಮೇ 21ರಂದು ಆ್ಯಂಡ್ರಾಯ್ಡ್ ಫೋನುಗಳಿಗೂ ಸಿಕ್ಕ ಮೇಲೆ ಕನ್ನಡದ ಕೋಣೆಗಳಲ್ಲಿ ಸಿನಿಮಾ, ಸಾಹಿತ್ಯ, ಅಂತ್ಯಾಕ್ಷರಿ ನಡುರಾತ್ರಿವರೆಗೂ ನಡೆದವು. ಆಫೀಸು ಕಾಲೇಜುಗಳು ತೆರೆದದ್ದೇ ತಡ, ಕೋಣೆಗಳು ಖಾಲಿಯಾದವು.

ಈಗ ಹುಡುಗರು ಇರುವುದು ರೀಲ್ಸ್ ಮತ್ತು ಯೂಟ್ಯೂಬ್‌ನಲ್ಲಿ. ಊರಿಂದ ಬಂದು ಪಿ.ಜಿ.ಯಲ್ಲಿದ್ದು ಐಟಿ ಕೆಲಸ ಮಾಡುವ ಹುಡುಗಿಯ ಪಾಡನ್ನು ಬಾರ್ಬಿ ಹಾಡಿನ ಧಾಟಿಗೆ ಹೊಂದಿಸಿ ವಿಕ್ಕಿಪೀಡಿಯ ಹೆಸರಿನ ವಿಕಾಸ್ ಬಳಗ 2023ರಲ್ಲಿ ಮಾಡಿದ ‘ನಾನು ನಂದಿನಿ’ ಕನ್ನಡ ಬಾರದವರ ಬಾಯಲ್ಲೂ ನಲಿಯಿತು. ಡಾ. ಬ್ರೋ ಎಂದೇ ಹೆಸರಾದ ಗಗನ್ ಶ್ರೀನಿವಾಸ್ ದೇಶದೇಶ ಸುತ್ತಿ ಕನ್ನಡದಲ್ಲೇ ತೋರಿಸುವುದನ್ನು ಲಕ್ಷಾಂತರ ಮಕ್ಕಳು ಕಾದು ನೋಡುತ್ತಾರೆ. ಕನ್ನಡದ ಹುಡುಗರಿಗೆ ಇಷ್ಟು ದೊಡ್ಡ ವೇದಿಕೆ ಹಿಂದೆಂದೂ ಸಿಕ್ಕಿರಲಿಲ್ಲ ಎಂಬುದು ಸತ್ಯ.

ಹಿಡಿದಿಡುವ ಬಗೆ ಮಾತ್ರ ಪೂರ್ತಿ ಬದಲಾಗಿದೆ. ಆರ್ಕುಟ್ ಹುಡುಗರನ್ನು ಉಳಿಸಿಕೊಂಡದ್ದು ಗೆಳೆಯರ ಮೂಲಕ. ಗೆಳೆಯರು ಎದ್ದಾಗ ಎಲ್ಲರೂ ಎದ್ದು ಹೋದರು. ರೀಲ್ಸ್ ತೋರಿಸುವುದು ಹೆಚ್ಚಾಗಿ ಅಪರಿಚಿತರ ವಿಡಿಯೊ. ಎಲ್ಲಿ ಬೆರಳು ನಿಂತಿತು, ಯಾವುದನ್ನು ಎರಡು ಸಲ ನೋಡಿದರು ಎಂಬುದನ್ನು ಗಮನಿಸುತ್ತ ಮುಂದಿನದನ್ನು ಬಡಿಸುವ ಯಂತ್ರಕ್ಕೆ ಗೆಳೆಯರು ಇದ್ದರೂ ಇಲ್ಲದಿದ್ದರೂ ಒಂದೇ. ಗೆಳೆಯರ ಮಾತುಕತೆ ಡಿ.ಎಂ.ಗೂ ಸಣ್ಣ ವಾಟ್ಸ್‌ಆ್ಯಪ್ ಗುಂಪುಗಳಿಗೂ ಸರಿದಿದೆ. 2021ರ ಅಕ್ಟೋಬರ್‌ನಲ್ಲಿ ಜುಕರ್‌ಬರ್ಗ್, 18ರಿಂದ 29 ವಯಸ್ಸಿನವರೇ ಇನ್ನು ತಮ್ಮ ಕಂಪನಿಗೆ ಧ್ರುವತಾರೆ ಎಂದರು. 2022ರ ಫೆಬ್ರುವರಿಯಲ್ಲಿ ಫೇಸ್‌ಬುಕ್ಕಿನ ದಿನದ ಬಳಕೆದಾರರ ಸಂಖ್ಯೆ ಮೊದಲ ಬಾರಿಗೆ ಕುಸಿದ ಲೆಕ್ಕ ಹೊರಬಿದ್ದಾಗ ಷೇರು ಬೆಲೆ ಒಂದೇ ದಿನ ಶೇ 26ರಷ್ಟು ಬಿದ್ದಿತು. ಆಮೇಲೆ ಕಂಪನಿ ತನ್ನ ಬಲವನ್ನೆಲ್ಲ ರೀಲ್ಸ್‌ಗೆ ಸುರಿಯಿತು.

ನ್ಯಾಯಾಲಯ, ಸರ್ಕಾರಗಳ ಚಿಂತೆಯೂ ಈಗ ತಿರುವುಮುರುವಾಗಿದೆ. ಹುಡುಗರು ಉಳಿಯುತ್ತಾರೋ ಇಲ್ಲವೋ ಎಂದು ಕಂಪನಿಗಳು ಕೇಳುತ್ತಿದ್ದವು; ಅವರನ್ನು ಬಿಡಿಸುವುದು ಹೇಗೆ ಎಂದು ಇವರು ಕೇಳುತ್ತಿದ್ದಾರೆ. 2023ರ ಸೆಪ್ಟೆಂಬರ್ 19ರಂದು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಮೇಲ್ಮನವಿಯ ವಿಚಾರಣೆ ನಡೆಸುತ್ತಿದ್ದ ಕರ್ನಾಟಕ ಹೈಕೋರ್ಟ್ ಪೀಠ, ಮದ್ಯಕ್ಕಿರುವಂತೆ ಸಾಮಾಜಿಕ ಜಾಲತಾಣಕ್ಕೂ ವಯಸ್ಸಿನ ಮಿತಿ ಬೇಕು ಎಂದು ಮೌಖಿಕವಾಗಿ ಹೇಳಿತು. ಹದಿನಾರರೊಳಗಿನವರಿಗೆ ಅಕೌಂಟ್ ಕೊಡಬಾರದೆಂಬ ಆಸ್ಟ್ರೇಲಿಯದ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ಇನ್‌ಸ್ಟಾಗ್ರಾಂ ಹದಿಹರೆಯದವರಿಗೆಂದೇ ಬೇರೆ ಬಗೆಯ ಅಕೌಂಟ್ ತಂದಿದೆ.

ಈ ಚರ್ಚೆಯಲ್ಲಿ ಹುಡುಗರ ಪರವಾಗಿ ಕೇಳಬೇಕಾದ ಒಂದು ಮುಖ್ಯ ಬೇಡಿಕೆ ಮರೆತುಹೋಗಿದೆ. ಆರ್ಕುಟ್‌ನ ಸ್ಕ್ರ್ಯಾಪ್‌ಗಳು ಹೋದವು. ಟಿಕ್‌ಟಾಕ್‌ನ ವಿಡಿಯೊಗಳು ಒಂದೇ ರಾತ್ರಿಯಲ್ಲಿ ಹೋದವು. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಬರೆದದ್ದು, ಹಾಡಿದ್ದು, ಗೆಳೆಯರ ಪಟ್ಟಿ, ಎಲ್ಲವನ್ನೂ ತಾಣದ ಜೊತೆಗೇ ಬಿಟ್ಟು ಬರಬೇಕಾಗಿರುವುದರಿಂದಲೇ ಅನೇಕರು ಮನಸ್ಸಿಲ್ಲದಿದ್ದರೂ ಅಲ್ಲೇ ಉಳಿಯುತ್ತಾರೆ. ತಮ್ಮ ದತ್ತಾಂಶವನ್ನು ಒಂದು ತಾಣದಿಂದ ಇನ್ನೊಂದಕ್ಕೆ ಕೊಂಡೊಯ್ಯುವ ಹಕ್ಕನ್ನು ಯುರೋಪು 2018ರಲ್ಲೇ ಜಾರಿಗೆ ತಂದಿದೆ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಅದೇ ವರ್ಷ ಇದನ್ನು ನಮ್ಮ ದೇಶಕ್ಕೂ ಶಿಫಾರಸು ಮಾಡಿತ್ತು; 2019ರ ಮಸೂದೆಯಲ್ಲೂ ಅದು ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ಹಕ್ಕು ಇಲ್ಲ. ವಯಸ್ಸಿನ ಮಿತಿಯನ್ನು ಚರ್ಚಿಸುವ ಸಂಸದರು ಮೊದಲು ಈ ಹಕ್ಕನ್ನು ಕಾಯ್ದೆಗೆ ಮರಳಿ ಸೇರಿಸಬೇಕು. ಆಗ ಪಿಇಎಸ್‌ನ ಮುಂದಿನ ಬ್ಯಾಚ್ ಯಾವುದೋ ತಾಣ ಬೇಡವೆಂದು ಎದ್ದಾಗ ತನ್ನ ಫೋಟೊ, ಬರಹ, ಗೆಳೆಯರನ್ನೆಲ್ಲ ಜೊತೆಗೆ ಕರೆದುಕೊಂಡು ಹೋಗಬಹುದು. ಉಳಿಸಿಕೊಳ್ಳಬೇಕೆನ್ನುವ ಕಂಪನಿ ಅವರಿಗೆ ಬೇಕಾದ್ದನ್ನು ಕೊಟ್ಟು ಉಳಿಸಿಕೊಳ್ಳಬೇಕಾಗುತ್ತದೆ.